ಇಲ್ಲದ ಮನೆಗಳ ಕಂದಾಯ

ಹದಿನೆಂಟು ವರ್ಷ ನಾನು ಜನರ ಹಿಂದೆ ಬಿದ್ದು ಮನೆ ಕಂದಾಯ ವಸೂಲಿ ಮಾಡಿದವನು. ಆ ಹದಿನೆಂಟು ವರ್ಷದಲ್ಲಿ ಒಬ್ಬನೇ ಒಬ್ಬ ಆಸಾಮಿ ನನ್ನನ್ನು ಹುಡುಕಿಕೊಂಡು ಬಂದು, ತಗೊಳ್ಳಿ ಸ್ವಾಮಿ ಅಂದದ್ದಿಲ್ಲ. ಅಂದದ್ದು ಒಂದೇ ಸಲ, ೨೦೦೭ರ ಆಷಾಢದಲ್ಲಿ. ಅದೂ ಒಬ್ಬರಲ್ಲ, ಇಡೀ ಹೊಳೆಬೀದಿಯೇ ಅಂದಿತು. ಆ ಕಂದಾಯದ ಸಲುವಾಗಿ ನನ್ನ ಕೆಲಸ ಹೋಯಿತು. ಹೋದರೆ ಹೋಗಲಿ. ಯಾರಾದರೂ ಅಯ್ಯೋ ಪಾಪ ಅನ್ನಲು ಬಂದರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಪಾಪ ಅನ್ನುವಂಥದ್ದು ಏನೂ ಇಲ್ಲ.

ನನ್ನ ಹೆಸರು ಯೋಗಾನರಸಿಂಹ. ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ತಾತ ಪೂಜೆ ಮಾಡಿದರು, ಅಪ್ಪ ಮೇಷ್ಟರಾದರು, ನನಗೆ ಎರಡೂ ಒಗ್ಗದೆ ಹರಿಗೋಲುಪುರದ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಆದೆ. ಹಳ್ಳಿಮೈಸೂರಿನ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದು ಹೇಮಾವತಿಯ ಕಡೆಗೆ ಎರಡು ಮೈಲಿ ಹೋದರೆ ಹರಿಗೋಲುಪುರ. ಊರಿನವರಿಗೆ ನನ್ನ ಹೆಸರು ಬಾಯಿಗೆ ಬರಲಿಲ್ಲವೋ, ಬೇಕಾಗಲಿಲ್ಲವೋ, ನಾನು ಅವರಿಗೆಲ್ಲ ಕಂದಾಯದಯ್ನೋರು.

ಬಿಲ್ ಕಲೆಕ್ಟರನ ಸೈಕಲ್ಲಿನ ಸದ್ದು ಊರಿಗೇ ಗೊತ್ತಿರುತ್ತದೆ. ನಾನು ಅರಳಿಕಟ್ಟೆ ದಾಟುವಷ್ಟರಲ್ಲಿ ಗಂಡಸರು ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಟ್ಟಿರುತ್ತಿದ್ದರು, ಹೆಂಗಸರು ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು. ಇದರಲ್ಲಿ ಹೊಳೆಬೀದಿ ಎಲ್ಲರಿಗಿಂತ ಮುಂದೆ. ಹೊಳೆಯ ದಂಡೆಗೆ ಬೆನ್ನು ಮಾಡಿ ಒಂದೇ ಸಾಲಿಗೆ ನಿಂತ ಹತ್ತೊಂಬತ್ತು ಮನೆ ಅಲ್ಲಿ. ಸೈಕಲ್ಲು ಕಂಡರೂ ಬಾಗಿಲು ಹಾಕುತ್ತಿದ್ದರು, ಜೀಪು ಕಂಡರೂ ಹಾಕುತ್ತಿದ್ದರು. ಸೊಳ್ಳೆಗೆ ಔಷಧಿ ಹೊಡೆಯಲು ಬಂದವರನ್ನು ಕಂಡೂ ಒಂದು ಸಲ ಹಾಕಿದ್ದರು.

ಆ ಸಾಲಿನ ಕೊನೆಯ ಮನೆ ಜಯಲಕ್ಷ್ಮಮ್ಮನದು. ಗಂಡ ತೀರಿಹೋಗಿ ವರ್ಷಗಳಾಗಿದ್ದವು, ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದಳು. ಹಿತ್ತಿಲಲ್ಲಿ ಪುರಿಭಟ್ಟಿ ಇತ್ತು. ಹೊಳೆಯ ಮರಳನ್ನು ಬಾಂಡಲೆಯಲ್ಲಿ ಕಾಯಿಸಿ, ಹದ ಮಾಡಿದ ಅಕ್ಕಿ ಸುರಿದು ಎರಡು ಸಲ ಕೈ ಆಡಿಸಿದರೆ ಪುರಿ ಅರಳುತ್ತದೆ. ಹಳ್ಳಿಮೈಸೂರಿನ ಸಂತೆ, ಅರಕಲಗೂಡಿನ ಸಂತೆ, ಎರಡಕ್ಕೂ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದಳು. ಭಟ್ಟಿಗೆ ಬೇಕಾದ ಮರಳು ಮನೆಯಿಂದ ಮೂವತ್ತು ಹೆಜ್ಜೆ, ಅಕ್ಕಿ ತೊಳೆಯುವ ನೀರು ನಲವತ್ತು ಹೆಜ್ಜೆ. ಆ ಹೊಳೆ ಬಿಟ್ಟರೆ ಆಕೆಯ ಕಸುಬು ನಿಂತಹಾಗೇ.

ನಾನು ಆಕೆಯ ಬಾಗಿಲು ಬಡಿದರೆ ಒಳಗೆ ಬಾಂಡಲೆಯ ಸದ್ದು ಟಕ್ಕನೆ ನಿಲ್ಲುತ್ತಿತ್ತು. ಆಮೇಲೆ ಆಕೆಯದೇ ಗಂಟಲು ಕೇಳುತ್ತಿತ್ತು.

"ಮನೇಲಿ ಯಾರೂ ಇಲ್ಲ."

"ಯಾರೂ ಇಲ್ಲದಿದ್ರೆ ಮಾತಾಡ್ತಿರೋರು ಯಾರಮ್ಮ?"

"ಯಾರೋ ಒಬ್ರು. ಮುಂದಿನ್ ವಾರ ಬನ್ನಿ."

ಮುಂದಿನ ವಾರವೂ ಇದೇ. ಮೂರನೆಯ ವಾರ ಬಾಗಿಲು ತೆಗೆದು, ಬೀದಿಗೆಲ್ಲ ಕೇಳುವ ಹಾಗೆ ನನಗೂ ಪಂಚಾಯಿತಿಗೂ ಮಂಗಳಾರತಿ ಎತ್ತಿ, ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದಳು. ಕೊಟ್ಟಾದ ಮೇಲೆ, ಬಿಸಿ ಐತೆ ತಗೊಂಡೋಗಿ ಅಂತ ಒಂದು ಸೇರು ಪುರಿಯನ್ನು ನನ್ನ ಟವೆಲಿಗೆ ಸುರಿಯುತ್ತಿದ್ದಳು. ನಮ್ಮ ಹದಿನೆಂಟು ವರ್ಷದ ಸ್ನೇಹ ಇಷ್ಟೇ.

೨೦೦೫ರಲ್ಲಿ ಮಳೆ ಹಿಡಿದು, ಅಣೆಕಟ್ಟು ತುಂಬಿ, ಹೊಳೆ ಬೀದಿಗೆ ಬಂತು. ಮೂರು ದಿನ ಹತ್ತೊಂಬತ್ತು ಮನೆಯವರೂ ಸ್ಕೂಲಿನಲ್ಲಿದ್ದರು. ನೀರು ಇಳಿದ ಮೇಲೆ ನೋಡಿದರೆ ಹೊಳೆಯ ಕಡೆಯ ಮಣ್ಣಿನ ಗೋಡೆಗಳೆಲ್ಲ ಕರಗಿ ಕೂತಿದ್ದವು. ಬೀದಿಯ ಕಡೆಯ ಗೋಡೆ, ಬಾಗಿಲು, ಮೇಲಿನ ತೊಲೆ ಹಾಗೇ ನಿಂತಿದ್ದವು. ಮನೆಗಳನ್ನು ಬಲ್ಲವನು ನಾನೇ ಆದ್ದರಿಂದ ನಷ್ಟದ ಮಹಜರು ಬರೆಯಲು ನನ್ನನ್ನೇ ಕಳಿಸಿದರು. ಮಹಜರು ಎಂದರೆ ಐದು ಜನ ಪಂಚರ ಎದುರಿಗೆ ಕಂಡದ್ದನ್ನು ಕಂಡ ಹಾಗೆ ಬರೆದು ಸಹಿ ಹಾಕಿಸುವುದು. ನಮೂನೆಯಲ್ಲಿ ಎರಡೇ ಕಲಂ. ಒಂದು, ಮನೆ ಭಾಗಶಃ ಬಿದ್ದಿದೆ. ಇನ್ನೊಂದು, ಮನೆ ಪೂರ್ತಿ ಬಿದ್ದಿದೆ, ವಾಸಕ್ಕೆ ಯೋಗ್ಯವಲ್ಲ.

ಭಾಗಶಃ ಬಿದ್ದ ಮನೆಗೆ ಕೊಡುವ ಪರಿಹಾರದಲ್ಲಿ ಹೆಂಚು ಕೂಡ ಬರುತ್ತಿರಲಿಲ್ಲ. ಜಯಲಕ್ಷ್ಮಮ್ಮ ಭಟ್ಟಿಯ ಕಲ್ಲುಗಳನ್ನು ಕೆಸರಿನಿಂದ ಹೆಕ್ಕುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆಕೆ ಬೈದಿದ್ದರೆ ನಾನು ನಿಜವನ್ನೇ ಬರೆಯುತ್ತಿದ್ದೆನೋ ಏನೋ. ಬೈಯದೆ ಇದ್ದದ್ದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಪೂರ್ತಿ ಬಿದ್ದಿದೆ ಎಂದು ಬರೆದೆ. ಅವಳೊಬ್ಬಳಿಗೆ ಬರೆದು ಉಳಿದವರಿಗೆ ಬಿಡಲಾಗುತ್ತದೆಯೇ? ಹತ್ತೊಂಬತ್ತೂ ಮನೆಗೆ ಅದನ್ನೇ ಬರೆದೆ. ಪಂಚರು ಸಹಿ ಹಾಕಿದರು, ಮನೆಯವರು ಹೆಬ್ಬೆಟ್ಟು ಒತ್ತಿದರು. ಅವತ್ತು ಮನೆಗೆ ಹೋಗುವಾಗ ನನಗೆ ಏನು ಹೆಮ್ಮೆ, ಏನು ಕತೆ.

ಹಣ ಬಂತು. ಜನ ಅದೇ ಜಾಗದಲ್ಲಿ ಇಟ್ಟಿಗೆಯ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ, ದೀಪಾವಳಿಗೆ ಒಳಗೆ ಹೋದರು. ಪಂಚಾಯಿತಿಯ ಪುಸ್ತಕದಲ್ಲಿ ಮಾತ್ರ, ಬಿದ್ದ ಮನೆಗೆ ಕಂದಾಯವಿಲ್ಲ ಎಂಬ ನಿಯಮದಂತೆ, ಹತ್ತೊಂಬತ್ತೂ ಮನೆಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬಿತ್ತು. ಎರಡು ವರ್ಷ ನಾನು ಆ ಬೀದಿಗೆ ಹೋಗಲಿಲ್ಲ.

ಸಂತೆಯಲ್ಲಿ ಸಿಕ್ಕಿದಾಗ ಜಯಲಕ್ಷ್ಮಮ್ಮ ನನ್ನನ್ನು ಕಾಡಿಸುವಳು. "ಏನ್ ಅಯ್ನೋರೆ, ಸೈಕಲ್ ನಮ್ ಕಡೀಕೆ ಬರ್ನೇ ಇಲ್ಲ. ಮರ್ತ್ಬುಟ್ರಾ?"

"ಇಲ್ಲದ ಮನೆಗೆ ಏನಂತ ಬರ್ಲಮ್ಮ?"

"ಅಂಗಾರೆ ವರ್ಸಕ್ಕೊಂದ್ಸಲ ಒಳೆ ಬರ್ಲಿ ಬುಡಿ."

ಇಬ್ಬರೂ ನಗುತ್ತಿದ್ದೆವು. ಆ ನಗುವನ್ನು ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಟ್ಟುಕೊಳ್ಳಬೇಕು ಅನ್ನಿಸುತ್ತದೆ.

೨೦೦೭ರ ಆಷಾಢ ಹಿಡಿದ ಹೊಸದರಲ್ಲಿ ಪಂಚಾಯಿತಿಯ ಕಾರ್ಯದರ್ಶಿ ಚಂದ್ರಶೇಖರಯ್ಯ ನನ್ನನ್ನು ಒಳಗೆ ಕರೆದರು. ನಿವೃತ್ತಿಗೆ ಹತ್ತು ತಿಂಗಳು ಉಳಿದಿದ್ದ, ಯಾರ ತಂಟೆಗೂ ಹೋಗದ ಮನುಷ್ಯ ಅವರು. ಎದುರಿಗೆ ಬಿಳಿ ಷರಟಿನ ಒಬ್ಬ ಕೂತಿದ್ದ. ಕಾಂತರಾಜು ಎಂದು ಪರಿಚಯ ಮಾಡಿಸಿದರು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ವ್ಯಾಪಾರ ಶುರುಮಾಡಿ, ಹೈವೇ ಪಕ್ಕದ ಹೊಲಗಳನ್ನು ಸೈಟು ಮಾಡಿ ಮಾರಿ ಮೇಲೆ ಬಂದವನು. ಮಾತು ಮೆತ್ತಗೆ, ನಡತೆ ಮರ್ಯಾದೆಯದು. ನನಗೆ ಎದ್ದುನಿಂತು ಕೈ ಮುಗಿದ.

ಚಂದ್ರಶೇಖರಯ್ಯ ಒಂದು ಸುತ್ತೋಲೆಯನ್ನು ನನ್ನ ಮುಂದೆ ತಳ್ಳಿದರು. ನೆರೆಯಿಂದ ಹಾಳಾಗಿ ಜನ ಬಿಟ್ಟುಹೋದ ಜಾಗಗಳನ್ನು ಮತ್ತೆ ಎಬ್ಬಿಸಲು ಬಂಡವಾಳ ಹಾಕುವವರಿಗೆ ಉತ್ತೇಜನ ಎಂದು ಅದರಲ್ಲಿತ್ತು. ಅಂಥವರಿಗೆ ನೋಂದಣಿ ಶುಲ್ಕದಲ್ಲಿ ಅರ್ಧ ಮಾಫಿ. ಕಟ್ಟಿದ ಕಟ್ಟಡಕ್ಕೆ ಹತ್ತು ವರ್ಷ ಕಂದಾಯವೇ ಇಲ್ಲ. ಹಾಕಿದ ಬಂಡವಾಳಕ್ಕೆ ವರಮಾನ ತೆರಿಗೆಯಲ್ಲೂ ರಿಯಾಯಿತಿ. ಷರತ್ತು ಒಂದೇ. ಜಾಗ ನೆರೆಗೆ ಸಿಕ್ಕಿದ್ದಿರಬೇಕು, ಅಲ್ಲಿ ಜನವಸತಿ ಇರಬಾರದು.

"ಹೊಳೆಬೀದಿ ನಿಮ್ಮ ಪುಸ್ತಕದಲ್ಲೇ ಇಲ್ಲ ಸ್ವಾಮಿ," ಅಂದ ಕಾಂತರಾಜು. "ಅದು ಪಂಚಾಯಿತಿ ಕೊಟ್ಟ ಜಾಗ, ಮನೆ ಬಿದ್ದುಹೋದ್ರೆ ಪಂಚಾಯಿತಿಗೇ ವಾಪಸ್. ಪಂಚಾಯಿತಿ ನನಗೆ ಕೊಡುತ್ತೆ. ಹೊಳೆ ಕಾಣೋ ಹಾಗೆ ಇಪ್ಪತ್ನಾಲ್ಕು ಮನೆ ಕಟ್ತೀನಿ, ಹಾಸನದವರು, ಮೈಸೂರಿನವರು ಶನಿವಾರ ಭಾನುವಾರ ಬಂದು ಇರ್ತಾರೆ. ಊರಿಗೂ ಒಳ್ಳೇದು. ವಾರ್ಡಿನ ಬಿಲ್ ಕಲೆಕ್ಟರ್ ಆಗಿ ನೀವೊಂದು ಸರ್ಟಿಫಿಕೇಟ್ ಬರೀಬೇಕು, ಅಲ್ಲಿ ಯಾರೂ ವಾಸ ಇಲ್ಲ ಅಂತ."

"ಹತ್ತೊಂಬತ್ತು ಮನೇಲಿ ಜನ ಇದ್ದಾರಲ್ರೀ. ನೀವೇ ಹೋಗಿ ನೋಡಿ."

"ನೋಡಿದೀನಿ. ಆದರೆ ನೀವು ಎರಡು ವರ್ಷದ ಹಿಂದೆ ಬರೆದಿರೋದೇ ಬೇರೆ. ನಾನೇನು ನಿಮ್ಮನ್ನ ಸುಳ್ಳು ಬರೀರಿ ಅಂತಿಲ್ಲ. ನೀವು ಬರೆದಿದ್ದನ್ನೇ ಇನ್ನೊಂದ್ಸಲ ಬರೀರಿ ಅಂತಿದೀನಿ."

ನಾನು ಸುತ್ತೋಲೆಯನ್ನು ಮತ್ತೊಮ್ಮೆ ಓದಿದೆ. ಅವನೇ ಮುಂದುವರಿಸಿದ. ಮನೆ ನಿಂತಿದೆ ಎಂದು ನಾನು ಈಗ ಬರೆದರೆ, ಆವಾಗ ಪರಿಹಾರ ತೆಗೆದುಕೊಂಡದ್ದು ಮೋಸವಾಗುತ್ತದೆ. ಹತ್ತೊಂಬತ್ತು ಸಂಸಾರದ ಮೇಲೆ ಕೇಸು, ನನ್ನ ಕೆಲಸಕ್ಕೆ ಕುತ್ತು. ಸುಮ್ಮನೆ ಬರೆದುಕೊಟ್ಟರೆ ಒಂದೊಂದು ಮನೆಗೆ ಇಷ್ಟು ಅಂತ ಅವನೇ ಕೈಯಿಂದ ಕೊಟ್ಟು, ಸಾಮಾನು ಸಾಗಿಸಲು ಲಾರಿಯನ್ನೂ ಕಳಿಸುತ್ತಾನೆ. ಅವನ ಮಾತಿನಲ್ಲಿ ಒಂದು ಅಕ್ಷರ ಬೆದರಿಕೆ ಇರಲಿಲ್ಲ. ಒಬ್ಬ ವ್ಯಾಪಾರಿ ಕಾಯಿ ಎಣಿಸುವಷ್ಟು ಶಾಂತವಾಗಿ ಹೇಳಿದ.

ಮನೆಗೆ ಬಂದು ಹೆಂಡತಿ ಹಂಸಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಪೂರ್ತಿ ಬಿದ್ದಿದೆ ಅಂತ ಬರೆದ ಕೈ ಯಾರದು?" ಅಂದಳು.

"ನಂದೇ."

"ಮತ್ತೆ ಏನು ಮಾಡಬೇಕು ಅಂತ ನನ್ನನ್ನ ಯಾಕೆ ಕೇಳ್ತೀರಿ?"

ಮಾರನೆಯ ಬೆಳಿಗ್ಗೆ ಸೈಕಲ್ಲು ಹೊಳೆಬೀದಿಗೆ ತಿರುಗಿಸಿದೆ. ಎರಡು ವರ್ಷದ ಮೇಲೂ ಬಾಗಿಲುಗಳು ಪಟಪಟ ಹಾಕಿಕೊಂಡವು. ಕಂದಾಯಕ್ಕೆ ಬಂದಿಲ್ಲ ಕಣ್ರಪ್ಪ, ಬನ್ನಿ ಎಂದು ಕೂಗಿದ ಮೇಲೆ ಒಬ್ಬೊಬ್ಬರಾಗಿ ಹೊರಗೆ ಬಂದರು. ಜಯಲಕ್ಷ್ಮಮ್ಮನ ಜಗುಲಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಯಾರೂ ನಂಬಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು.

ಮೊದಲನೆಯ ಮನೆಯ ಬೋರಪ್ಪ, ಮುಸುಕಿನಜೋಳ ಬೆಳೆಯುವವನು, ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. "ಉಪ್ಕಾರ ಮಾಡ್ತೀನಿ ಅಂತ ಬಂದು ನಮ್ ಮನೇನೇ ಅಳ್ಸಾಕ್ಬುಟ್ರಲ್ಲ ಅಯ್ನೋರೆ."

"ನೀನೂ ಪಂಚನಾಗಿ ಸೈ ಹಾಕಿದೀಯಲ್ಲ ಬೋರಪ್ಪ."

"ಆಕಿದೀನಿ. ಅದ್ಕೇ ನಿಮ್ಗೆ ಒಡೀದೆ ಸುಮ್ನೆ ನಿಂತಿವ್ನಿ."

ಜಯಲಕ್ಷ್ಮಮ್ಮ ಇಷ್ಟು ಹೊತ್ತೂ ಜರಡಿಯಲ್ಲಿ ಮರಳು ಆಡಿಸುತ್ತಲೇ ಇದ್ದಳು. ತಲೆ ಎತ್ತದೆ ಕೇಳಿದಳು. "ಅವ್ನ್ ಕಟ್ಟೋ ಮನೆಗ್ಳಿಗೆ ಅತ್ ವರ್ಸ ಕಂದಾಯ ಇಲ್ವಾ?"

"ಇಲ್ಲ."

"ಅಷ್ಟ್ ದೊಡ್ ಮನೆ ಕಟ್ಟೋನ್ಗೂ?"

"ಅವನಿಗೇ ಇಲ್ಲ. ಜನ ಬಿಟ್ಟುಹೋದ ಜಾಗಕ್ಕೆ ದುಡ್ಡು ತಂದು ಹಾಕ್ತಾನಲ್ಲ, ಅದಕ್ಕೆ."

"ನಮ್ಮಪ್ಪನ್ ಕಾಲ್ದಿಂದ ಈ ಒಳೆ ಎಷ್ಟ್ ಸಲ ಬಂದೈತೆ, ನಾವು ಎಷ್ಟ್ ಸಲ ಗ್ವಾಡೆ ಎಬ್ಸಿದೀವಿ. ನಮ್ಗೆ ಒಂದ್ ವರ್ಸ ಬುಟ್ರಾ ನೀವು? ಗಂಡ ಸತ್ತಿದ್ ವರ್ಸಾನೂ ಬಂದು ಬಾಗ್ಲು ಬಡುದ್ರಿ."

ಬಡಿದಿದ್ದೆ. ಹನ್ನೊಂದನೆಯ ದಿನ ಕಳೆದ ವಾರವೇ ಬಡಿದಿದ್ದೆ.

ಆಕೆ ಜರಡಿ ಕೆಳಗಿಟ್ಟಳು. "ಅಂಗಾರೆ ಮನೆ ಇಲ್ದಿದ್ರೆ ಕಂದಾಯ ಇಲ್ಲ. ಕಂದಾಯ ಕಟ್ಬುಟ್ರೆ? ಆಗ ಮನೆ ಐತೆ ಅಂತ ತಾನೆ?"

ಆಕೆ ಒಳಗೆ ಹೋಗಿ ಬಂದು ನನ್ನ ಮುಂದೆ ಕೈ ಚಾಚಿದಳು. ಅಂಗೈಯಲ್ಲಿ ನೋಟುಗಳಿದ್ದವು. "ತಗೊಳ್ಳಿ. ಎಲ್ಡ್ ವರ್ಸದ್ದೂ ತಗೊಳ್ಳಿ. ರಸೀತಿ ಅರ್ದು ಕೊಡಿ."

ನನ್ನ ರಸೀತಿ ಪುಸ್ತಕ ಚೀಲದಲ್ಲೇ ಇತ್ತು. ಆದರೆ ಪುಸ್ತಕದಲ್ಲಿ ಅಡ್ಡಗೆರೆ ಬಿದ್ದ ಮನೆಗೆ ರಸೀತಿ ಹರಿಯುವ ಅಧಿಕಾರ ನನಗಿರಲಿಲ್ಲ, ಹರಿದರೆ ಅದು ನಿಲ್ಲುತ್ತಲೂ ಇರಲಿಲ್ಲ. ಕಾರ್ಯದರ್ಶಿಗಳನ್ನೇ ಕೇಳಬೇಕು ಎಂದೆ. ಸೈಕಲ್ಲು ಹತ್ತಿದೆ. ಹಿಂದೆ ತಿರುಗಿ ನೋಡಿದರೆ ಜಯಲಕ್ಷ್ಮಮ್ಮ ಬರುತ್ತಿದ್ದಳು, ಅವಳ ಹಿಂದೆ ಬೋರಪ್ಪ, ಅವನ ಹಿಂದೆ ಇಡೀ ಬೀದಿ. ಹೋಟೆಲಿನಲ್ಲಿ ಕೂತಿದ್ದವರೆಲ್ಲ ಎದ್ದುನಿಂತು ನೋಡಿದರು. ಬಿಲ್ ಕಲೆಕ್ಟರ್ ಮುಂದೆ ಓಡುತ್ತಿದ್ದಾನೆ, ಕಂದಾಯ ಕಟ್ಟುವವರು ಹಿಂದೆ ಅಟ್ಟಿಸಿಕೊಂಡು ಬರುತ್ತಿದ್ದಾರೆ. ಅಂಥ ಮೆರವಣಿಗೆಯನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ.

ಚಂದ್ರಶೇಖರಯ್ಯ ಕೈ ಮುಗಿದುಬಿಟ್ಟರು. "ಪುಸ್ತಕದಲ್ಲಿ ಹೆಸರಿಲ್ಲ ಕಣಮ್ಮ. ಇಲ್ಲದ ಮನೆಗೆ ಕಂದಾಯ ಇಸ್ಕೊಂಡ್ರೆ ನನ್ನ ಪೆನ್ಷನ್ ಹೋಗುತ್ತೆ."

"ಕೊಡಾಕಿಲ್ಲ ಅಂದಾಗ ನೋಟೀಸ್ ಕೊಟ್ರಿ. ಈಗ ಕೊಡ್ತೀನಿ ಅಂದ್ರೂ ಬ್ಯಾಡ ಅಂತೀರಿ. ನಾವ್ ಏನ್ ಮಾಡ್ಬೇಕು ಸಾ?"

ಅವರು ಎದ್ದು ಒಳಗೆ ಹೋದರು. ಸಂಜೆಯವರೆಗೆ ಜನ ಪಂಚಾಯಿತಿಯ ಜಗುಲಿಯಲ್ಲಿ ಕೂತರು. ದುಡ್ಡು ಕೈಯಲ್ಲೇ ಉಳಿಯಿತು.

ನನಗೆ ದಾರಿ ಹೊಳೆದದ್ದು ಬಸ್ಸಿನಲ್ಲಿ ವಾಪಸ್ಸು ಬರುವಾಗ. ಊರು ಬಿಟ್ಟು ಹಾಸನದಲ್ಲಿ ನೌಕರಿ ಮಾಡುವ ಕೆಲವರು ತಮ್ಮ ಮನೆಯ ಕಂದಾಯವನ್ನು ಮನಿಯಾರ್ಡರಿನಲ್ಲಿ ಕಳಿಸುತ್ತಿದ್ದರು. ಪೋಸ್ಟ್‌ಮ್ಯಾನ್ ತಂದದ್ದಕ್ಕೆ ಕಾರ್ಯದರ್ಶಿ ಸಹಿ ಹಾಕಿ ಸೀಲು ಒತ್ತುತ್ತಿದ್ದರು, ಆ ಚೀಟಿ ಕಳಿಸಿದವರಿಗೆ ವಾಪಸ್ಸು ಹೋಗುತ್ತಿತ್ತು. ಜಗುಲಿಯಲ್ಲಿ ಬೇಡ ಎಂದ ದುಡ್ಡನ್ನು ಅಂಚೆಯಲ್ಲಿ ಬಂದರೆ ಬೇಡ ಅನ್ನುವುದು ಕಷ್ಟ. ಬೇಡ ಅನ್ನಬೇಕಾದರೂ ಯಾಕೆ ಎಂದು ಬರೆಯಬೇಕು, ಬರೆಯುವುದೆಂದರೆ ಚಂದ್ರಶೇಖರಯ್ಯನವರಿಗೆ ಜ್ವರ ಬರುತ್ತಿತ್ತು.

ಮರುದಿನ ಹತ್ತೊಂಬತ್ತು ಮನೆಯವರೂ ಹೊಳೆನರಸೀಪುರಕ್ಕೆ ಬಂದರು. ಅಂಚೆ ಕಚೇರಿಯ ಹೊರಗೆ ಕೂತು ಒಂದೊಂದೇ ಫಾರಂ ತುಂಬಿದೆ. ಅದರಲ್ಲಿ ಸಂದೇಶ ಬರೆಯಲು ಎರಡು ಬೆರಳಗಲ ಜಾಗವಿರುತ್ತದೆ. ಹೊಳೆಬೀದಿ, ಮನೆ ನಂಬರು ಇಷ್ಟು, ಈ ಮನೆಯಲ್ಲಿ ವಾಸವಾಗಿದ್ದೇವೆ, ಎರಡು ವರ್ಷದ ಕಂದಾಯ ಕಳಿಸಿದ್ದೇವೆ ಎಂದು ಬರೆದೆ. ಹತ್ತೊಂಬತ್ತು ಸಲ ಸುಳ್ಳು ಬರೆದ ಕೈ ಅವತ್ತು ಹತ್ತೊಂಬತ್ತು ಸಲ ನಿಜ ಬರೆಯಿತು. ಬೆರಳು ನೋಯುತ್ತಿತ್ತು, ಮನಸ್ಸಿಗೆ ಮಾತ್ರ ಎಷ್ಟೋ ದಿನದ ಮೇಲೆ ಹಿತವಾಗಿತ್ತು.

ನಾಲ್ಕನೆಯ ದಿನ ಪೋಸ್ಟ್‌ಮ್ಯಾನ್ ಪಂಚಾಯಿತಿಯ ಮೇಜಿನ ಮೇಲೆ ಹತ್ತೊಂಬತ್ತು ಮನಿಯಾರ್ಡರ್ ಇಟ್ಟ. ಚಂದ್ರಶೇಖರಯ್ಯ ಮೊದಲನೆಯದನ್ನು ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಡಬ್ಬಿಯೊಳಗಿಟ್ಟು, ಹತ್ತೊಂಬತ್ತಕ್ಕೂ ಸಹಿ ಮಾಡಿ ಸೀಲು ಒತ್ತಿದರು.

"ಕನ್ನಡಕ ಇಲ್ಲದಿದ್ರೆ ನನಗೆ ಒಂದಕ್ಷರ ಕಾಣಲ್ಲ ಯೋಗಣ್ಣ," ಅಂದರು. ಆ ಮನುಷ್ಯನ ಬಗ್ಗೆ ಹತ್ತು ವರ್ಷದಿಂದ ನಾನು ಇಟ್ಟುಕೊಂಡಿದ್ದ ತಾತ್ಸಾರವೆಲ್ಲ ಆ ಕ್ಷಣಕ್ಕೆ ಹೋಯಿತು.

ನಾನು ಸರ್ಟಿಫಿಕೇಟ್ ಬರೆದುಕೊಡಲಿಲ್ಲ. ಕಾಂತರಾಜು ಸುಮ್ಮನೆ ಕೂರುವವನಲ್ಲ. ಸ್ಥಳ ತನಿಖೆಗೆ ಅರ್ಜಿ ಹಾಕಿದ. ಮೇಲಿನ ಕಚೇರಿಯಿಂದ ಪ್ರೇಮಕುಮಾರಿ ಎಂಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಜನವಸತಿ ಇದೆಯೋ ಇಲ್ಲವೋ, ಆಕೆ ಬರೆದದ್ದೇ ಕೊನೆ.

ಆಷಾಢದ ಗಾಳಿ ಬೀಸುತ್ತಿದ್ದ ಮಧ್ಯಾಹ್ನ ಜೀಪು ಹೊಳೆಬೀದಿಗೆ ತಿರುಗಿತು. ಮುಂದೆ ಅಧಿಕಾರಿ, ಹಿಂದೆ ಕಾಂತರಾಜು, ಚಂದ್ರಶೇಖರಯ್ಯ, ನಾನು. ಇಳಿದು ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಹತ್ತೊಂಬತ್ತು ಬಾಗಿಲೂ ಮುಚ್ಚಿದ್ದವು. ಬೀದಿಯಲ್ಲಿ ಒಂದು ಕೋಳಿ ಬಿಟ್ಟರೆ ನರಪಿಳ್ಳೆ ಇಲ್ಲ. ಜೀಪಿನ ಸದ್ದು ಕೇಳಿದ್ದೇ ತಡ, ಹಾಳಾದ ಅಭ್ಯಾಸ, ಎಲ್ಲರೂ ಬಾಗಿಲು ಹಾಕಿಕೊಂಡುಬಿಟ್ಟಿದ್ದರು. ಆಚೆಗೆ ಬಂದು ನಿಂತಿರಿ ಎಂದು ಹಿಂದಿನ ದಿನ ಸಾವಿರ ಸಲ ಹೇಳಿದ್ದೆ.

"ನೋಡಿ ಮೇಡಂ," ಅಂದ ಕಾಂತರಾಜು. ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ನಾನು ಹೇಳ್ಲಿಲ್ವಾ?"

ಪ್ರೇಮಕುಮಾರಿ ಬೀದಿಯುದ್ದಕ್ಕೂ ನಡೆದರು. ಕೊನೆಯ ಮನೆಯ ಮುಂದೆ ನಿಂತು ಬಾಗಿಲು ತಟ್ಟಿದರು. "ಮನೇಲಿ ಯಾರಾದ್ರೂ ಇದೀರಾ?"

ಒಳಗೆ ಬಾಂಡಲೆಯ ಸದ್ದು ಟಕ್ಕನೆ ನಿಂತಿತು. ಮುಂದೆ ಬರುವ ಮಾತನ್ನು ನಾನು ಹದಿನೆಂಟು ವರ್ಷದಿಂದ ಬಲ್ಲೆ. ಆ ಮಾತು ಬಂದರೆ ಬೀದಿ ಮುಳುಗಿತು. ಒಳಗಿನ ಹೆಜ್ಜೆಯ ಸದ್ದು ಬಾಗಿಲ ಹತ್ತಿರ ಬಂತು.

"ಇದೀವಿ," ಅಂದಿತು ಗಂಟಲು.

ಬಾಗಿಲು ತೆರೆಯಿತು. ಜಯಲಕ್ಷ್ಮಮ್ಮ ಕೈಯಲ್ಲಿ ಜಾಲರಿ ಹಿಡಿದುಕೊಂಡೇ ಹೊಸಿಲ ಮೇಲೆ ನಿಂತು, ಬೀದಿಯ ಕಡೆಗೆ ತಿರುಗಿ ಮತ್ತೊಂದು ಸಲ ಕೂಗಿದಳು. "ಇದೀವಿ ಕಣ್ರೋ, ಆಚೀಕ್ ಬರ್ರೋ." ಪಕ್ಕದ ಬಾಗಿಲು ತೆರೆಯಿತು, ಅದರ ಪಕ್ಕದ್ದು ತೆರೆಯಿತು. ಐದು ನಿಮಿಷದಲ್ಲಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಸೀಲು ಬಿದ್ದ ಮನಿಯಾರ್ಡರ್ ಚೀಟಿ ಇತ್ತು.

ಅಧಿಕಾರಿ ನಾಲ್ಕೈದು ಚೀಟಿಗಳನ್ನು ಓದಿದರು. ಚಂದ್ರಶೇಖರಯ್ಯನವರನ್ನು ನೋಡಿದರು. ಅವರು ಆಕಾಶ ನೋಡುತ್ತಿದ್ದರು.

ಕಾಂತರಾಜು ತಡಮಾಡಲಿಲ್ಲ. "ಕಂದಾಯ ಕಟ್ಟಿದಾರೆ, ಸರಿ. ಹಾಗಾದ್ರೆ ಪೂರ್ತಿ ಬಿದ್ದಿದೆ ಅಂತ ಪರಿಹಾರ ತಗೊಂಡಿದ್ದು ಮೋಸ ಅಲ್ವಾ ಮೇಡಂ? ಎರಡರಲ್ಲಿ ಒಂದು ಸುಳ್ಳು ಇರಲೇಬೇಕು."

ಅದಕ್ಕೇ ನಾನು ಕಾದಿದ್ದೆ. ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ೨೦೦೫ರ ಮಹಜರಿನಲ್ಲಿ ನಾನು ಬರೆದದ್ದು ಸುಳ್ಳು, ಮನೆಗಳು ಭಾಗಶಃ ಮಾತ್ರ ಬಿದ್ದಿದ್ದವು, ಓದಲು ಬಾರದ ಜನರಿಂದ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನೇ, ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ಅದರಲ್ಲಿ 'ನನ್ನ ಸ್ವಇಚ್ಛೆಯಿಂದ' ಬರೆದು ಸಹಿ ಮಾಡಿದ್ದೆ. ಪ್ರೇಮಕುಮಾರಿ ಅದನ್ನು ಜೋರಾಗಿ ಓದಿದರು.

"ಗೊತ್ತಿತ್ತು," ಅಂದಳು ಜಯಲಕ್ಷ್ಮಮ್ಮ.

ನಾನು ಸುಮ್ಮನಿರಮ್ಮ ಎಂದು ಕಣ್ಣು ಮಾಡಿದೆ. ಆಕೆ ನನ್ನ ಕಡೆಗೆ ನೋಡಲೂ ಇಲ್ಲ.

"ಓದಾಕ್ ಬರಾಕಿಲ್ಲ, ದಿಟ. ಆದ್ರೆ ಏನ್ ಬರ್ದವ್ರೆ ಅಂತ ನಮ್ಗೆಲ್ಲ ಗೊತ್ತಿತ್ತು ಕಣ್ರವ್ವ. ಗೊತ್ತಿದ್ದೇ ಎಬ್ಬೆಟ್ಟು ಒತ್ತಿದ್ದು. ಅರ್ದ ಬಿದ್ದಿರೋ ಮನೇಲಿ ನೀವಿದ್ದಿರಾ? ಒಂದ್ ರಾತ್ರಿ ಇದ್ದು ತೋರ್ಸಿ. ಇಸ್ಕೊಂಡಿದ್ ದುಡ್ಡಲ್ಲಿ ಯಾರೂ ಸ್ಯಾಂದಿ ಕುಡೀಲಿಲ್ಲ, ಈ ಗ್ವಾಡೆ ಕಟ್ಟಿದೀವಿ, ಮುಟ್ಟಿ ನೋಡಿ. ಎಚ್ಚಾಗಿ ಕೊಟ್ಟಿದ್ದಷ್ಟ್ನೂ ಕಂದಾಯದ್ ಜೊತೆ ವರ್ಸ ವರ್ಸ ಸೇರ್ಸಿ ಇಸ್ಕೊಳ್ಳಿ. ಜೈಲಿಗಾಕ್ತೀವಿ ಅಂದ್ರೆ ಅತ್ತೊಂಬತ್ ಮನೆಯೋರ್ನೂ ಆಕಿ. ಆದ್ರೆ ನಾವಿಲ್ಲ ಅಂತ ಮಾತ್ರ ಬರೀಬ್ಯಾಡಿ. ಇದೀವಿ."

ಆಕೆ ಕೂಗಿ ಹೇಳಲಿಲ್ಲ. ಕಂದಾಯಕ್ಕೆ ನನ್ನ ಹತ್ತಿರ ಜಗಳವಾಡುವಾಗ ಇದರ ಎರಡರಷ್ಟು ದನಿ ಇರುತ್ತಿತ್ತು. ನನಗೆ ಸಿಟ್ಟು ಬಂತು. ಕಷ್ಟಪಟ್ಟು ಅವರನ್ನು ಬಿಡಿಸಿದ್ದೆ, ಒಂದೇ ಮಾತಿನಲ್ಲಿ ಮತ್ತೆ ಒಳಗೆ ಬಂದು ನನ್ನ ಪಕ್ಕದಲ್ಲೇ ನಿಂತುಬಿಟ್ಟಳು.

ಬೋರಪ್ಪ ಮುಂದೆ ಬಂದ. "ನಾನೇ ಪಂಚ. ನಾನೇ ಸೈ ಆಕಿದ್ದು," ಅಂದ. ಉಳಿದ ನಾಲ್ಕು ಜನ ಪಂಚರೂ ಗೊಣಗುತ್ತ ಮುಂದೆ ಬಂದರು.

ಪ್ರೇಮಕುಮಾರಿ ಜಗುಲಿಯ ಮೇಲೆ ಕೂತರು. ಕೂತವರಿಗೆ ಜಯಲಕ್ಷ್ಮಮ್ಮ ಕೇಳದೆಯೇ ಒಂದು ತಟ್ಟೆ ಪುರಿ ತಂದಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ, ಅರ್ಧ ಗಂಟೆ ಬರೆದರು. ಬರೆದು ಮುಗಿಸಿ ಕಾಂತರಾಜುವಿಗೆ ಒಂದೇ ಮಾತು ಹೇಳಿದರು.

"ಜನವಸತಿ ಇದೆ ಅಂತ ಬರ್ದಿದೀನಿ ರೀ. ಎದುರಿಗೆ ನಿಂತಿರೋರನ್ನ ಇಲ್ಲ ಅಂತ ನಾನು ಹೇಗೆ ಬರೀಲಿ?"

ಆಮೇಲೆ ನನ್ನ ಕಡೆಗೆ ತಿರುಗಿದರು. "ನಿಮ್ಮ ಕಾಗದಾನೂ ಮೇಲಕ್ಕೆ ಕಳಿಸಲೇಬೇಕು. ಬೇರೆ ದಾರಿ ಇಲ್ಲ."

"ಕಳಿಸಿ ಮೇಡಂ. ಅದಕ್ಕೇ ಬರೆದದ್ದು," ಎಂದೆ.

ಕಾಂತರಾಜು ಜೀಪು ಹತ್ತುವ ಮೊದಲು ನನ್ನ ಹತ್ತಿರ ಬಂದ. "ಏನು ಸಿಕ್ತು ಸ್ವಾಮಿ ನಿಮಗೆ?" ಅಂದ. ಕೊಂಕು ಇರಲಿಲ್ಲ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಎರಡು ವರ್ಷದ ಕಂದಾಯ," ಎಂದೆ.

ತಿಂಗಳೊಳಗೆ ನನ್ನನ್ನು ಸಸ್ಪೆಂಡ್ ಮಾಡಿದರು, ವರ್ಷದೊಳಗೆ ತೆಗೆದರು. ಹೊಳೆಬೀದಿಯ ಮೇಲೆ ಕೇಸು ಹಾಕಲಿಲ್ಲ. ಹೆಚ್ಚಿಗೆ ಕೊಟ್ಟದ್ದನ್ನು ಹತ್ತು ಕಂತಿನಲ್ಲಿ ಕಂದಾಯದ ಜೊತೆ ಕಟ್ಟಬೇಕೆಂದು ಆದೇಶ ಬಂತು. ಪಂಚಾಯಿತಿಯ ಪುಸ್ತಕದಲ್ಲಿ ಹತ್ತೊಂಬತ್ತು ಮನೆಗಳನ್ನು ಹೊಸದಾಗಿ ಬರೆದರು. ಬರೆದವರು ಚಂದ್ರಶೇಖರಯ್ಯ, ನಿವೃತ್ತಿಯಾಗುವ ಹಿಂದಿನ ದಿನ, ಕನ್ನಡಕ ಹಾಕಿಕೊಂಡು. ಕಾಂತರಾಜುವಿಗೆ ಬೇರೆಲ್ಲೋ ಇನ್ನೊಂದು ಹೊಳೆಯ ದಂಡೆ ಸಿಕ್ಕಿತೆಂದು ಕೇಳಿದೆ. ಅಲ್ಲಿಯ ಜನ ಬಾಗಿಲು ತೆಗೆದರೋ ಇಲ್ಲವೋ ಗೊತ್ತಿಲ್ಲ.

ಈಗ ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಜನರಿಗೆ ಅರ್ಜಿ, ಫಾರಂ ಬರೆದುಕೊಡುತ್ತೇನೆ. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ, ಸ್ವಲ್ಪ ಬದಲಾಯಿಸಿ ಬರೀರಿ ಎಂದವರಿಗೆ ಬೈದು ಕಳಿಸುತ್ತೇನೆ. ನನ್ನ ಜಾಗಕ್ಕೆ ಹೊಸದಾಗಿ ಬಂದ ಪಾಪಯ್ಯ ಒಳ್ಳೆಯ ಮನುಷ್ಯ, ಸ್ವಲ್ಪ ಮೆದು. ಮೊನ್ನೆ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಮೇಜಿನ ಮುಂದೆ ಕೂತ.

"ಏನ್ ಸಾ ಆ ಒಳೆಬೀದಿ ಕೊನೇ ಮನೆಯವ್ರು. ಬಾಗ್ಲು ಬಡುದ್ರೆ ಒಳಗಿಂದ್ಲೇ, ಮನೇಲಿ ಯಾರೂ ಇಲ್ಲ, ಮುಂದಿನ್ ವಾರ ಬಾ ಅಂತಾರೆ. ಎಲ್ಡ್ ಸಲ ಆಯ್ತು. ನಾನ್ ಏನಂತ ಬರ್ಕೊಳ್ಳಿ?"

"ಗಂಟಲು ಹೇಗಿತ್ತು?" ಎಂದು ಕೇಳಿದೆ.

"ಗಂಟ್ಲಿಗೇನ್ ಸಾ, ಬೀದಿಗೆಲ್ಲ ಕೇಳ್ತು."

"ಹಾಗಾದ್ರೆ ಇದ್ದಾರೆ ಅಂತ ಬರ್ಕೋ," ಎಂದೆ. "ಮೂರನೇ ವಾರ ಹೋಗು, ಕೊಡ್ತಾರೆ. ಟವೆಲು ತಗೊಂಡು ಹೋಗೋದು ಮರೀಬೇಡ."